ಕಾರಿನ ನೀರು ಸೋರಿದಾಗ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೆದ್ದಾರಿಯ ಮೂಲಕ ಸುಮಾರು 350 ಕಿಲೋಮೀಟರು. ಅನಕಾಪಲ್ಲಿ, ತುನಿ, ಅನ್ನವರಂ, ರಾಜಮಹೇಂದ್ರವರಂ, ತಣುಕು, ಏಲೂರು ಎಂಬ ಊರುಗಳ ಸಾಲು ನಮ್ಮ ಹೋಟೆಲು ಬಂಧುಗಳಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ಹಿಂದೆ 5ನೆಯ ನಂಬರಿನ ರಸ್ತೆಯೆಂದು ಕರೆಯಲ್ಪಡುತ್ತಿದ್ದು, 2010ರಲ್ಲಿ ಹೊಸ ಎಣಿಕೆ ಬಂದ ಮೇಲೆ 16ನೆಯದಾದ ಹೆದ್ದಾರಿ ಇದೇ. ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು ರೈಲಿನಲ್ಲಿ ಈ ನಾಡಿಗೆ ಬಂದಿಳಿದವರ ಮಕ್ಕಳು ಇಂದು ಕಾರಿನಲ್ಲಿ ಓಡಾಡುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಕಾರು ಬಹುಮಟ್ಟಿಗೆ ಇನ್ನೊಬ್ಬರು ಬಳಸಿ ಬಿಟ್ಟದ್ದು, ಸಾಲ ಮಾಡಿ ಕೊಂಡದ್ದು. ಅದರ ಇಂಜಿನು ಕೆಟ್ಟರೆ ಕೆಲವು ತಿಂಗಳ ಸಂಬಳ ಒಮ್ಮೆಗೇ ಕರಗಿಹೋಗುತ್ತದೆ.

ಕಳೆದ ಮೇ ತಿಂಗಳಿನಲ್ಲಿ ನಮ್ಮ ಬಂಧುವೊಬ್ಬರು ವಿಜಯವಾಡದಲ್ಲಿ ಫಲಾಹಾರ ಮಂದಿರವೊಂದನ್ನು ತೆರೆಯುವವರಿದ್ದರು. ಮರುದಿನ ಮುಂಜಾನೆಯೇ ಪೂಜೆ. ದೋಸೆಯ ಕಾವಲಿಗೆ ಯೋಗ್ಯರಾದ ಭಟ್ಟರು ಅಲ್ಲಿ ದೊರೆಯಲಿಲ್ಲವಾಗಿ, ವಿಶಾಖಪಟ್ಟಣದಲ್ಲಿ ನಮ್ಮ ಪರಿಚಯದ ಭಟ್ಟರೊಬ್ಬರನ್ನೂ ಒಬ್ಬ ಮಾಣಿಯನ್ನೂ ಕೂಡಿಸಿಕೊಂಡು ಹೊರಟೆವು. ಇದಕ್ಕೆ ಹದಿನೈದು ದಿವಸ ಮೊದಲೇ ಕಾರು ನಿಲ್ಲಿಸುವ ಜಾಗದ ನೆಲದ ಮೇಲೆ ಹಸಿರು ಬಣ್ಣದ ಕಲೆಯೊಂದನ್ನು ನಾವು ಕಂಡಿದ್ದೆವು. ಹವಾನಿಯಂತ್ರಣದಿಂದ ತೊಟ್ಟಿಕ್ಕುವ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಸಿರು, ಗುಲಾಬಿ ಅಥವಾ ಕಿತ್ತಳೆಯ ಬಣ್ಣವಿದ್ದು ಮುಟ್ಟಿದರೆ ಜಿಡ್ಡುಜಿಡ್ಡಾಗಿದ್ದರೆ ಅದು ಇಂಜಿನನ್ನು ತಣಿಸುವ ಕೂಲೆಂಟು. ಇದನ್ನು ಬಲ್ಲವರಾಗಿದ್ದೂ ನಾವು ಉದಾಸೀನ ಮಾಡಿದೆವು. ತಪ್ಪು ನಮ್ಮದೇ.

ವಿಶಾಖಪಟ್ಟಣವನ್ನು ಬಿಡುವಾಗ ಕಡಲಗಾಳಿಯಿತ್ತು. ಅನಕಾಪಲ್ಲಿ ದಾಟಿದ ಬಳಿಕ ಬಿಸಿಲು ಏರಿತು. ತುನಿಗೆ ಇನ್ನು ಹತ್ತು ಹನ್ನೆರಡು ಕಿಲೋಮೀಟರು ಇರುವಾಗ ಉಷ್ಣತೆಯ ಮುಳ್ಳು ಕೆಂಪು ಗೆರೆಯತ್ತ ಸರಿಯಿತು. “ಊರು ಹತ್ತಿರವಿದೆ, ಹೇಗಾದರೂ ಮುಟ್ಟಿಬಿಡೋಣ” ಎಂದು ಮನಸ್ಸು ಹೇಳಿತು. ಇಂಜಿನುಗಳು ಸಾಯುವುದು ಈ ಮಾತಿಗೆ ಕಿವಿಗೊಟ್ಟಾಗಲೇ. ಎರಡು ನಿಮಿಷ ಹಾಗೆಯೇ ಓಡಿಸಿದೆವು. ಮುಂಭಾಗದಿಂದ ಬಿಳಿಯ ಆವಿ ಎದ್ದಿತು; ರಸ್ತೆಯ ಅಂಚಿಗೆ ನಿಲ್ಲಿಸಿದೆವು.

ನಾವು ಹಿಂದಿನಿಂದ ಬರುವ ವಾಹನಗಳಿಗೆ ಎಚ್ಚರಿಕೆಯ ತ್ರಿಕೋನವನ್ನು ಇಡುವಷ್ಟರಲ್ಲಿ ಭಟ್ಟರು ಮುಚ್ಚಳವೆತ್ತಿ ನಿಲ್ಲಿಸಿ, ಹೆಗಲ ಮೇಲಿನ ಬೈರಾಸನ್ನು ನೀರಿನಲ್ಲಿ ಅದ್ದಿ, ರೇಡಿಯೇಟರಿನ ಬಿರಡೆಯ ಮೇಲೆ ಬಲಗೈ ಇಟ್ಟಿದ್ದರು. ಇಡ್ಲಿಯ ಅಟ್ಟದ ಮುಚ್ಚಳವನ್ನು ದಿನಕ್ಕೆ ಮೂವತ್ತು ಸಲ ಹಾಗೆಯೇ ತೆಗೆದು ಬಲ್ಲವರು ಅವರು. ಅವರ ಮಟ್ಟಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅಷ್ಟರಲ್ಲಿ ನಮ್ಮ ಹಿಂದೆ ಲಾರಿ ನಿಲ್ಲಿಸಿದ್ದ ಚಾಲಕನೊಬ್ಬನು “ಆಗಂಡಿ! ಮುಟ್ಟುಕೋಕಂಡಿ!” ಎಂದು ಕೂಗುತ್ತ ಓಡಿಬಂದನು. ನಾವೂ “ಭಟ್ರೇ, ಕೈ ತೆಗೆಯಿರಿ!” ಎಂದು ಕಿರುಚಿದೆವು. ಭಟ್ಟರು ಬೆಚ್ಚಿ ಹಿಂದೆ ಸರಿದರು. ಬಿರಡೆ ತಿರುಗಿರಲಿಲ್ಲ.

ಭಟ್ಟರು ಸ್ವಲ್ಪ ಕೋಪಿಸಿಕೊಂಡರು. “ಧನಿಗಳೇ, ಆವಿಗೆ ಹೆದರುವವನೇ ನಾನು?” ಎಂದರು. ಅಡುಗೆಮನೆಯವರೆಲ್ಲರಿಗೂ ಇದೇ ಶಂಕೆ ಬರುವುದು ಸಹಜವಾದ್ದರಿಂದ ಇಲ್ಲಿ ವಿಸ್ತಾರವಾಗಿ ಹೇಳುತ್ತೇವೆ. ಇಡ್ಲಿಯ ಅಟ್ಟದಲ್ಲಿ ಹಬೆಗೆ ಹೊರದಾರಿಯಿದೆ. ಅಲ್ಲಿನ ನೀರು 100 ಡಿಗ್ರಿಯನ್ನು ಮೀರದು. ರೇಡಿಯೇಟರು ಅಂತಹುದಲ್ಲ, ಅದು ಕುಕ್ಕರು. ಬಹುಪಾಲು ಕಾರುಗಳಲ್ಲಿ ಆ ಬಿರಡೆಯು ಕುಕ್ಕರಿನ ತೂಕದಷ್ಟೇ, ಕೆಲವೆಡೆ ಅದಕ್ಕಿಂತಲೂ ಹೆಚ್ಚು, ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಒತ್ತಡವಿರುವೆಡೆ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನೀರಾಗಿಯೇ ಇರುತ್ತದೆ. ಬಿರಡೆ ತೆಗೆದ ಕ್ಷಣದಲ್ಲಿ ಒತ್ತಡ ಇಳಿದು, ಆ ನೀರು ಒಟ್ಟಿಗೇ ಕುದಿದೆದ್ದು ಮೇಲಕ್ಕೆ ಚಿಮ್ಮುತ್ತದೆ. ಒಂದು ಲೋಟ ನೀರು ಪೂರ್ತಿ ಆವಿಯಾದರೆ ಸುಮಾರು 1600 ಲೋಟಗಳ ಜಾಗವನ್ನು ಬೇಡುತ್ತದೆ. ಸೀಟಿ ಇಳಿಯದ ಕುಕ್ಕರಿನ ಮುಚ್ಚಳವನ್ನು ಕಿತ್ತವರ ಮುಖವನ್ನು ನಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಭಟ್ಟರ ಬಲಗೈ ಅವರ ಸಂಸಾರದ ಅನ್ನ. ಅದು ಬೆಂದಿದ್ದರೆ ಮರುದಿನದ ಪೂಜೆಯ ಮಾತಿರಲಿ, ಊರಿನಲ್ಲಿರುವ ಅವರ ಹೆಂಡತಿ ಮಕ್ಕಳಿಗೆ ನಾವು ಏನೆಂದು ಬರೆಯಬೇಕಾಗಿತ್ತು? ಒಂದು ವೇಳೆ ಸುಟ್ಟೇ ಹೋದರೆ ಅರಿಶಿನ, ಶಾಯಿ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಬಳಿಯದೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಅನಂತರ ವೈದ್ಯರಲ್ಲಿಗೆ ಹೋಗತಕ್ಕದ್ದು.

ಲಾರಿಯ ಚಾಲಕನು ಒಂದು ಗಂಟೆ ಕಾಯಬೇಕೆಂದನು. ಹೆದ್ದಾರಿಯಂಚಿನ ಬೇವಿನ ಮರದ ಕೆಳಗೆ ನಾವು ನಾಲ್ವರು ಕುಳಿತೆವು. ನಮಗೆ ಬಾಲ್ಯದ ಆಗುಂಬೆ, ಚಾರ್ಮಾಡಿ ಘಾಟಿಗಳ ನೆನಪಾಯಿತು. ಆಗ ಬಸ್ಸುಗಳು ತಿರುವಿನ ಝರಿಯ ಬಳಿ ನಿಂತು ನೀರು ಕುಡಿಯದೆ ಮೇಲೇರುತ್ತಿರಲಿಲ್ಲ. ಅಂಬಾಸಿಡರು ಕಾರುಗಳ ಮುಂದೆ ಕ್ಯಾನ್ವಾಸಿನ ನೀರಿನ ಚೀಲವೊಂದು ತೂಗಾಡುತ್ತಿತ್ತು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಚೀಲವು ಅದಕ್ಕೂ ಮೊದಲೇ ಮಾಯವಾಗಿತ್ತು. ಜಗತ್ತಿನಲ್ಲಿ ಕಾರಿನ ಮೊದಲ ದೂರಪ್ರಯಾಣವೇ ನೀರು ಹುಡುಕುವ ಪ್ರಯಾಣವಾಗಿತ್ತೆಂಬುದನ್ನೂ ಮಾಣಿಗೆ ತಿಳಿಸಿದೆವು. ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆಯು 1888ರ ಆಗಸ್ಟಿನಲ್ಲಿ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರಕ್ಕೂ ಮಿಕ್ಕಿದ ಕಿಲೋಮೀಟರು, ಹೋದಳು. ಆ ಇಂಜಿನಿನ ನೀರು ಆವಿಯಾಗಿ ಹೋಗಿಬಿಡುತ್ತಿದ್ದುದರಿಂದ ದಾರಿಯುದ್ದಕ್ಕೂ ಮತ್ತೆಮತ್ತೆ ತುಂಬಿಸಬೇಕಾಯಿತು. ಮಾಣಿಗೆ ಬಹಳ ಸಮಾಧಾನವಾಯಿತು.

ಮುಳ್ಳು ಏರಿದೊಡನೆ ನಾವು ಮಾಡಬೇಕಾಗಿದ್ದುದನ್ನು ಚಾಲಕನು ನಮಗೆ ಪಾಠ ಹೇಳಿದನು. ಮೊದಲು ಹವಾನಿಯಂತ್ರಣವನ್ನು ನಿಲ್ಲಿಸಬೇಕು. ಅದಕ್ಕೆ ಬದಲಾಗಿ ಹೀಟರನ್ನು ಪೂರ್ತಿ ತಿರುಗಿಸಿ ಫ್ಯಾನನ್ನು ಜೋರು ಮಾಡಬೇಕು. ಮೇ ತಿಂಗಳಲ್ಲಿ, ಅದೂ ಆಂಧ್ರದಲ್ಲಿ, ಹೀಟರೇ ಎಂದು ನಗಬಾರದು. ಇಂಜಿನಿನ ಬಿಸಿನೀರು ಹೀಟರಿನ ಪುಟ್ಟ ರೇಡಿಯೇಟರಿನ ಮೂಲಕವೂ ಹರಿಯುವುದರಿಂದ ಆ ತಾಪವು ಕಾರಿನ ಒಳಕ್ಕೆ ಬಂದು ಇಂಜಿನು ಸ್ವಲ್ಪ ಉಸಿರಾಡುತ್ತದೆ. ಸುರಕ್ಷಿತವಾದ ಜಾಗ ಸಿಕ್ಕುವವರೆಗಿನ ಉಪಾಯ ಮಾತ್ರ ಇದು. ಜಾಗ ಸಿಕ್ಕೊಡನೆ ಇಂಜಿನನ್ನು ಆರಿಸಿಬಿಡಬೇಕು. ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಒಳಗೆ ನೀರು ಉಳಿದಿಲ್ಲವೆಂದು ಅರ್ಥ. ಏರಿದ್ದ ಮುಳ್ಳು ಹಠಾತ್ತನೆ ಕೆಳಕ್ಕೆ ಬಿದ್ದರೆ ಅದೂ ಸಂತೋಷದ ಸುದ್ದಿಯಾಗಿರಲಾರದು; ಉಷ್ಣತೆಯನ್ನು ಅಳೆಯುವ ಸಲಕರಣೆಯನ್ನು ನೀರು ಮುಟ್ಟದಿದ್ದಾಗ ಅದು ಸುಳ್ಳು ಹೇಳುವುದುಂಟು.

ಗಂಟೆ ಕಳೆದ ಮೇಲೆ ಚಾಲಕನು ಮೇಲಿನ ರಬ್ಬರು ಕೊಳವೆಯನ್ನು ಬಟ್ಟೆಯಿಂದ ಹಿಚುಕಿ ನೋಡಿದನು. ಅದು ಮೆತ್ತಗಾಗಿತ್ತು. ಗಟ್ಟಿಯಾಗಿದ್ದರೆ ಒಳಗೆ ಒತ್ತಡವಿನ್ನೂ ಇದೆಯೆಂದು ತಿಳಿಯತಕ್ಕದ್ದು. ಆಮೇಲೆ ದಪ್ಪ ಬಟ್ಟೆ ಹಾಕಿ, ಮುಖವನ್ನು ದೂರವಿಟ್ಟು, ಬಿರಡೆಯನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದನು. ಸುಯ್ಯೆಂಬ ಸದ್ದು ಪೂರ್ತಿ ಅಡಗಿದ ಮೇಲೆಯೇ ತೆಗೆದನು.

ಸೋರಿಕೆ ಎಲ್ಲಿ? ಅದೇ ಮೇಲಿನ ಕೊಳವೆಯು ಲೋಹದ ಪಟ್ಟಿಯ ಬಳಿ ಬಿರುಕು ಬಿಟ್ಟಿತ್ತು. ಅದೃಷ್ಟವಶಾತ್ ಬಿರುಕು ತುದಿಯಲ್ಲಿದ್ದುದರಿಂದ ಚಾಲಕನು ಚಾಕುವಿನಿಂದ ಒಂದು ಅಂಗುಲ ಕತ್ತರಿಸಿ, ಒಳ್ಳೆಯ ಭಾಗವನ್ನು ಎಳೆದು ಕೂರಿಸಿ, ಪಟ್ಟಿ ಬಿಗಿದನು. ಎಲ್ಲರಿಗೂ ಈ ಅದೃಷ್ಟ ಸಿಗದು. ನೀರಿನ ಪಂಪು ಸೋರಬಹುದು. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಸೀಳಬಹುದು. ಹೀಟರು ಸೋರಿ ಕಾಲಡಿಯ ಚಾಪೆ ಒದ್ದೆಯಾಗಿ ಕಾರಿನೊಳಗೆ ಸಿಹಿವಾಸನೆ ಬರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಇಂಜಿನಿನ ತಲೆಯ ಗ್ಯಾಸ್ಕೆಟು ಒಡೆಯುವುದು. ಎಣ್ಣೆ ಹಾಕುವ ಮುಚ್ಚಳವನ್ನು ತೆರೆದಾಗ ಒಳಗೆ ಹಾಲು ಬೆರೆತ ಕಾಫಿಯ ಬಣ್ಣದ ನೊರೆ ಕಂಡರೆ, ಹೊಗೆಕೊಳವೆಯಿಂದ ಬಿಳಿಯ ಹೊಗೆ ನಿಲ್ಲದೆ ಬರುತ್ತಿದ್ದರೆ, ಒಂದು ಗಜವೂ ಓಡಿಸಬಾರದು. ಹೆದ್ದಾರಿ ಪ್ರಾಧಿಕಾರದ 1033 ನಂಬರಿಗೆ ಫೋನು ಮಾಡುವುದೇ ಸರಿ. ನಾವು ಟೋಲು ಕಟ್ಟುವುದು ಬರಿಯ ಡಾಂಬರಿಗಲ್ಲ.

ನೀರು ತುಂಬುವಲ್ಲಿಯೂ ನಮ್ಮವರ ಅನುಭವ ಪ್ರಯೋಜನಕ್ಕೆ ಬರುತ್ತದೆ. ಬಿಸಿ ಗಾಜಿನ ಲೋಟವನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ಒಡೆದ ಮಾಣಿಗೆ, ಕಾದ ಇಂಜಿನಿಗೆ ತಣ್ಣೀರು ಸುರಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ. ಬಾಯ್ಲರಿನ ಒಳಗೆ ಸುಣ್ಣದಂತೆ ಕಟ್ಟುವ ಪದರವನ್ನು ಕೆರೆದವರಿಗೆ, ಬೋರಿನ ಗಡಸು ನೀರು ರೇಡಿಯೇಟರಿನ ಸಣ್ಣ ನಾಳಗಳಿಗೆ ಏನು ಮಾಡೀತೆಂಬುದೂ ಗೊತ್ತು. ನಾವು ಕುಡಿಯಲು ತಂದಿದ್ದ ಬಾಟಲಿಗಳ ನೀರನ್ನೇ ಹುಯ್ದೆವು. ಬಿರಡೆ ತೆರೆದಿಟ್ಟು ಇಂಜಿನನ್ನು ನಿಧಾನವಾಗಿ ನಡೆಸಿದಾಗ ಗಾಳಿಯ ಗುಳ್ಳೆಗಳು ಹೊರಬಂದು ಮಟ್ಟ ಇಳಿಯಿತು, ಮತ್ತೆ ತುಂಬಿದೆವು. ಸಂಭಾರದ ಗಂಟಿನಿಂದ ಒಂದು ಹಿಡಿ ಅರಿಶಿನ ಪುಡಿ ಹಾಕೋಣವೆಂದು ಭಟ್ಟರು ಸೂಚಿಸಿದರು. ಲಾರಿಯವರಲ್ಲಿ ಈ ಉಪಾಯ ಹಳೆಯದು. ಸೂಜಿಮೊನೆಯಷ್ಟು ತೂತನ್ನು ಅದು ಮುಚ್ಚುವುದೂ ಉಂಟು. ಆದರೆ ಮುಚ್ಚಬಾರದ ನಾಳಗಳನ್ನೂ ಮುಚ್ಚೀತು. ಅರಿಶಿನ ಸಾರಿಗೇ ಇರಲಿ ಎಂದೆವು.

ಬರಿಯ ನೀರು ಊರು ಮುಟ್ಟುವವರೆಗಿನ ವ್ಯವಸ್ಥೆ ಮಾತ್ರ. ತುನಿಯಲ್ಲಿ ಹೊಸ ಕೊಳವೆ ಹಾಕಿಸಿದೆವು. ಪೂಜೆಯ ಮರುದಿನ ವಿಜಯವಾಡದ ಆಟೋನಗರದಲ್ಲಿ ಎಲ್ಲವನ್ನೂ ತೊಳೆಯಿಸಿ, ಕಾರಿಗೆ ಹೇಳಿದ ಜಾತಿಯ ಕೂಲೆಂಟನ್ನು ಶುದ್ಧ ನೀರಿನೊಡನೆ ಬೆರೆಸಿ ತುಂಬಿಸಿದೆವು. ಮಿಕ್ಕಿದ ಅರ್ಧ ಲೀಟರನ್ನು ಮಾಣಿಯು ಜಾಣತನದಿಂದ ಖಾಲಿ ಶರಬತ್ತಿನ ಬಾಟಲಿಗೆ ಹುಯ್ದು ಹೋಟೆಲಿನ ಉಗ್ರಾಣದಲ್ಲಿ ಇಟ್ಟುಬಿಟ್ಟಿದ್ದನು! ನಮ್ಮ ಎದೆ ಮತ್ತೊಮ್ಮೆ ಝಲ್ಲೆಂದಿತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷ; ಕುಡಿದವರ ಮೂತ್ರಪಿಂಡಗಳು ಕೆಡುತ್ತವೆ, ಪ್ರಾಣವೂ ಹೋಗಬಹುದು. ಹಸಿರು ಬಣ್ಣ, ಶರಬತ್ತಿನ ಬಾಟಲಿ, ಬೇಸಿಗೆಯ ದಿನ, ಮಕ್ಕಳು ಓಡಾಡುವ ಮನೆ. ಅಡುಗೆಮನೆಯ ಪಾತ್ರೆ, ಆಲಿಕೆ, ಬಾಟಲಿ ಯಾವುದನ್ನೂ ಇದಕ್ಕೆ ಮುಟ್ಟಿಸಬಾರದು. ಮಾಣಿಯನ್ನು ಗದರಿಸಲಿಲ್ಲ, ಹಸಿರು ಕಲೆಯನ್ನು ಹದಿನೈದು ದಿವಸ ನೋಡುತ್ತ ಕುಳಿತಿದ್ದ ನಮಗೆ ಆ ಅಧಿಕಾರವಿರಲಿಲ್ಲ.

ಆ ರಾತ್ರಿ ನಾವು ಗೋದಾವರಿಯನ್ನು ದಾಟುವಾಗ ಕತ್ತಲಾಗಿತ್ತು. ಮುಳ್ಳು ಮಧ್ಯದಲ್ಲಿಯೇ ನಿಂತಿತ್ತು. ಮೂವರ ಕಣ್ಣೂ ಅದರ ಮೇಲೆಯೇ ಇದ್ದುವು. ಹತ್ತೂವರೆಗೆ ವಿಜಯವಾಡ ಸೇರಿದೆವು. ಲಾರಿಯ ಚಾಲಕನು ಹಣವನ್ನು ಮುಟ್ಟಿರಲಿಲ್ಲ. ವಿಜಯವಾಡದ ಕಡೆ ಬಂದಾಗ ದೋಸೆ ತಿನ್ನುವುದಾಗಿ ಮಾತ್ರ ಹೇಳಿ ಹೋಗಿದ್ದನು. ಬೆಳಗ್ಗೆ ಆರು ಗಂಟೆಗೆ ಪೂಜೆ ಮುಗಿದ ಕೂಡಲೇ ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಬಲಗೈಯಲ್ಲಿ ಮೊದಲ ದೋಸೆಯನ್ನು ಹುಯ್ದರು.