ಲಾಭ ಮತ್ತು ಸಮಾಜವಾದ: ಕೆಲವು ತಪ್ಪು ಕಲ್ಪನೆಗಳು, ಕೆಲವು ಸತ್ಯಸಂಗತಿಗಳು

ಅರ್ಥವ್ಯವಸ್ಥೆಯನ್ನು ಕುರಿತು ನಮ್ಮ ದೇಶದ ರಾಜಕೀಯ ಪಕ್ಷಗಳೊಳಗೆ ನಡೆದುಬಂದಿರುವ ವಿವಾದವು ಸ್ವಾತಂತ್ರ್ಯಕ್ಕಿಂತಲೂ ಹಳೆಯದು. ಉದ್ಯಮಿಯು ಗಳಿಸುವ ಲಾಭ ನ್ಯಾಯಸಮ್ಮತವೇ, ಸಂಪತ್ತಿನ ಒಡೆತನ ಯಾರಲ್ಲಿರಬೇಕು, ಸರ್ಕಾರವು ವ್ಯಾಪಾರಕ್ಕೆ ಇಳಿಯಬಹುದೇ ಎಂಬ ಪ್ರಶ್ನೆಗಳು ಒಂದೊಂದೂ ಗಂಭೀರವಾದವು. ಅವುಗಳಿಗೆ ಪ್ರಾಮಾಣಿಕರಾದ ವಿಚಾರವಂತರು ಭಿನ್ನಭಿನ್ನವಾದ ಉತ್ತರಗಳನ್ನು ಕೊಟ್ಟಿದ್ದಾರೆ. ಆದರೆ ಚುನಾವಣೆಯ ವೇದಿಕೆಯಿಂದ ಹಿಡಿದು ಮನೆಯ ಜಗಲಿಯವರೆಗೆ ಈ ಚರ್ಚೆ ನಡೆಯುವಾಗ, ಲಾಭವೆಂದೊಡನೆ ಸುಲಿಗೆಯನ್ನು ಕಾಣುವವರು ಒಂದು ಕಡೆಗೂ, ಸಮಾಜವಾದವೆಂದೊಡನೆ ಸೋಮಾರಿತನವನ್ನು ಕಾಣುವವರು ಇನ್ನೊಂದು ಕಡೆಗೂ ನಿಂತು, ಎದುರಾಳಿಯು ಆಡದ ಮಾತನ್ನು ಅವನ ಬಾಯಲ್ಲಿಟ್ಟು ಖಂಡಿಸುವುದು ವಾಡಿಕೆಯಾಗಿಬಿಟ್ಟಿದೆ. ಪ್ರಜಾಪ್ರಭುತ್ವದಲ್ಲಿ ಈ ಪ್ರಶ್ನೆಗಳನ್ನು ಕೊನೆಗೆ ತೀರ್ಮಾನಿಸತಕ್ಕವರು ಮತದಾರರೇ ಆದಕಾರಣ, ಅವರ ಮನಸ್ಸಿನಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಸಂಗತಿಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಅಗತ್ಯ.

ತಪ್ಪು ಕಲ್ಪನೆ 1: ಲಾಭವೆಂದರೆ ಗ್ರಾಹಕನಿಂದ ಕಸಿದುಕೊಂಡ ಹಣ

ಸತ್ಯ: ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಣ ಅಂತರವೆಲ್ಲ ಲಾಭವೆಂದು ಭಾವಿಸುವುದರಿಂದ ಈ ಭ್ರಾಂತಿ ಹುಟ್ಟುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಒಬ್ಬ ಗಿರಣಿಯವನು ಒಂದು ಲಕ್ಷ ರೂಪಾಯಿಗೆ ಶೇಂಗಾ ಕೊಂಡು, ಎಣ್ಣೆಯನ್ನೂ ಹಿಂಡಿಯನ್ನೂ ಮಾರಿ ಒಂದು ಲಕ್ಷ ಹನ್ನೆರಡು ಸಾವಿರ ಪಡೆದನೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಹನ್ನೆರಡು ಸಾವಿರ ಗಂಟು ಕಟ್ಟಿದನೆಂದು ನೋಡುವವರು ಅಂದಾರು. ಆದರೆ ಹಮಾಲರ ಕೂಲಿ, ಗಿರಣಿಯ ಆಳುಗಳ ಸಂಬಳ, ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ಬಡ್ಡಿ, ಲಾರಿ ಬಾಡಿಗೆ, ಯಂತ್ರದ ಸವಕಳಿ ಇವಿಷ್ಟನ್ನೂ ಕಳೆದು ಎರಡು ಮೂರು ಸಾವಿರ ಉಳಿದರೆ ಅದು ಲಾಭ. ಮಳೆ ಕೈಕೊಟ್ಟು ಮಂಡಿಗೆ ಶೇಂಗಾ ಬಾರದ ವರ್ಷ, ಅಥವಾ ಹೊರದೇಶದ ತಾಳೆ ಎಣ್ಣೆ ಅಗ್ಗವಾಗಿ ಬಂದಿಳಿದ ವರ್ಷ, ಗಿರಣಿಯ ಚಕ್ರ ನಿಂತರೂ ಬಡ್ಡಿಯ ಚಕ್ರ ನಿಲ್ಲುವುದಿಲ್ಲ. ಆಗ ನಷ್ಟವೂ ಅವನದೇ.

ಲಾಭದ ಪರಮ ವಿರೋಧಿಯೆಂದು ಹೆಸರಾದ ಕಾರ್ಲ್ ಮಾರ್ಕ್ಸನು ಕೂಡ ಲಾಭವು ಗ್ರಾಹಕನನ್ನು ವಂಚಿಸುವುದರಿಂದ ಹುಟ್ಟುತ್ತದೆಂದು ವಾದಿಸಲಿಲ್ಲ ಎಂಬುದನ್ನು ಬಹುಮಂದಿ ಅರಿಯರು. ಸರಕುಗಳೆಲ್ಲ ತಮ್ಮ ಸರಿಯಾದ ಮೌಲ್ಯಕ್ಕೇ ವಿನಿಮಯವಾದರೂ, ಕಾರ್ಮಿಕನು ತನಗೆ ಸಲ್ಲುವ ಕೂಲಿಗಿಂತ ಹೆಚ್ಚಿನ ಮೌಲ್ಯವನ್ನು ತನ್ನ ದುಡಿಮೆಯಿಂದ ಸೃಷ್ಟಿಸುವುದರಿಂದಲೇ ಬಂಡವಾಳಗಾರನಿಗೆ ಲಾಭ ಲಭಿಸುತ್ತದೆಂಬುದು 1867ರಲ್ಲಿ ಹೊರಬಂದ ಅವನ ‘ಬಂಡವಾಳ’ ಗ್ರಂಥದ ಮುಖ್ಯ ಪ್ರತಿಪಾದನೆ. ಇದನ್ನು ಒಪ್ಪುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ಒಪ್ಪದವರಾದರೂ ಅವನು ಆಡಿದ ಮಾತನ್ನೇ ಖಂಡಿಸತಕ್ಕದ್ದು.

ತಪ್ಪು ಕಲ್ಪನೆ 2: ಲಾಭವೆಲ್ಲವೂ ಶ್ರಮದ ಮತ್ತು ಸಾಹಸದ ಫಲ

ಸತ್ಯ: ಇದು ಹಿಂದಿನದಕ್ಕೆ ಪ್ರತಿಯಾದ ಅತಿರೇಕ. ಹೊಸ ವಸ್ತುವನ್ನು ನಿರ್ಮಿಸಿದುದರಿಂದಲೋ ವೆಚ್ಚವನ್ನು ತಗ್ಗಿಸಿದುದರಿಂದಲೋ ಬಂದ ಲಾಭವುಂಟು. ಪೈಪೋಟಿಯೇ ಇಲ್ಲದಂತೆ ಮಾಡಿಕೊಂಡು ಗಳಿಸಿದ ಲಾಭವೂ ಉಂಟು. ಊರಿನ ಗಿರಣಿಯವರೆಲ್ಲ ಗುಟ್ಟಾಗಿ ಕೂಡಿ ರೈತನ ಶೇಂಗಾಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಕೊಡಬಾರದೆಂದು ಕಟ್ಟುಮಾಡಿಕೊಂಡರೆ, ಲೆಕ್ಕದ ಪುಸ್ತಕದಲ್ಲಿ ಅದೂ ಲಾಭವೆಂದೇ ಬರೆಯಲ್ಪಡುತ್ತದೆ. ಮಾರುಕಟ್ಟೆಯ ಸ್ವಾತಂತ್ರ್ಯಕ್ಕೆ ಆಚಾರ್ಯನೆನಿಸಿದ ಆಡಂ ಸ್ಮಿತ್ತನು, ಒಂದೇ ಕಸುಬಿನ ವ್ಯಾಪಾರಿಗಳು ಒಂದೆಡೆ ಸೇರಿದಾಗ ಅವರ ಮಾತು ಜನರ ವಿರುದ್ಧದ ಒಳಸಂಚಿನಲ್ಲಿ ಕೊನೆಗೊಳ್ಳುವುದು ಹೆಚ್ಚೆಂದು 1776ರಷ್ಟು ಹಿಂದೆಯೇ ಎಚ್ಚರಿಸಿದ್ದನು. ಲಾಭ ಎಷ್ಟೆಂಬುದಕ್ಕಿಂತ ಅದು ಯಾವ ದಾರಿಯಿಂದ ಬಂದಿತೆಂಬುದೇ ವಿಚಾರಾರ್ಹವಾದ ಪ್ರಶ್ನೆ.

ತಪ್ಪು ಕಲ್ಪನೆ 3: ಸಮಾಜವಾದವೆಂದರೆ ಸರ್ವಸ್ವವೂ ಸರ್ಕಾರದ ಸ್ವತ್ತು

ಸತ್ಯ: ಸಮಾಜವಾದದಲ್ಲಿ ಪಂಥಗಳು ಅನೇಕ. ಸೋವಿಯತ್ ರಷ್ಯಾ ಒಂದು ದಾರಿ ಹಿಡಿಯಿತು. ಪಶ್ಚಿಮ ಜರ್ಮನಿಯ ಸೋಷಲ್ ಡೆಮಾಕ್ರಟಿಕ್ ಪಕ್ಷವು 1959ರಲ್ಲಿ ಗೋಡೆಸ್‌ಬರ್ಗಿನಲ್ಲಿ ತನ್ನ ಧ್ಯೇಯಗಳನ್ನು ಪುನರ್ರಚಿಸಿ, ಮಾರುಕಟ್ಟೆಯನ್ನು ಅಂಗೀಕರಿಸುವ ಬೇರೊಂದು ದಾರಿ ಹಿಡಿಯಿತು. ನಮ್ಮಲ್ಲಿ ಕಾಂಗ್ರೆಸ್ಸು 1955ರ ಆವಡಿ ಅಧಿವೇಶನದಲ್ಲಿ ಸಮಾಜವಾದಿ ಮಾದರಿಯ ಸಮಾಜವನ್ನು ಗುರಿಯಾಗಿ ಸ್ವೀಕರಿಸಿತು. ಮರುವರ್ಷದ ಕೈಗಾರಿಕಾ ನೀತಿಯ ನಿರ್ಣಯವು 17 ಕೈಗಾರಿಕೆಗಳನ್ನು ಸರ್ಕಾರದ ಹೊಣೆಗೆ ಸೇರಿಸಿ, 12ರಲ್ಲಿ ಸರ್ಕಾರವೂ ಖಾಸಗಿಯವರೂ ಜೊತೆಗೂಡಿ ನಡೆಯಬಹುದೆಂದು ಹೇಳಿ, ಉಳಿದುದೆಲ್ಲವನ್ನೂ ಖಾಸಗಿಯವರಿಗೆ ಬಿಟ್ಟಿತು. ಹೊಲಗದ್ದೆಗಳು, ಅಂಗಡಿ ಮುಂಗಟ್ಟುಗಳು, ಬಟ್ಟೆಯ ಗಿರಣಿಗಳಲ್ಲಿ ಬಹುಪಾಲು ಇವೆಲ್ಲ ಆ ಕಾಲದಲ್ಲಿಯೂ ಖಾಸಗಿಯವರ ಕೈಯಲ್ಲಿಯೇ ಇದ್ದುವು.

ಇವೆರಡಲ್ಲದೆ ಮೂರನೆಯದೊಂದು ಒಡೆತನವೂ ಉಂಟು. ಮಂಗಳೂರಿನಲ್ಲಿ ಜನಿಸಿ, 1936ರಲ್ಲಿ ಮೀರತ್ತಿನಲ್ಲಿ ನೆರೆದ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಕಮಲಾದೇವಿ ಚಟ್ಟೋಪಾಧ್ಯಾಯರು, ದೇಶವಿಭಜನೆಯ ನಿರಾಶ್ರಿತರಿಗೆ ಬದುಕು ಕಟ್ಟಿಕೊಡಲು ಸರ್ಕಾರದ ಇಲಾಖೆಗಿಂತ ಸಹಕಾರ ಸಂಘವನ್ನೇ ನೆಚ್ಚಿದರು. ಅದಕ್ಕೂ ಬಹು ಮೊದಲು, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ್ದರು. ಇಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಬೆಳಗಿನ ಜಾವಕ್ಕೇ ಕ್ಯಾನು ಹಿಡಿದು ನಿಲ್ಲುವ ರೈತಮಹಿಳೆಯು, ಹಾಲನ್ನು ಅಳೆಸಿ, ಫ್ಯಾಟು ನೋಡಿಸಿ, ಪುಸ್ತಕದಲ್ಲಿ ಬರೆಸಿಕೊಂಡು ಹೋಗುವಾಗ, ತಾನು ಮಾರುವವಳಷ್ಟೇ ಅಲ್ಲದೆ ಆ ಸಂಘದ ಒಡತಿಯೂ ಹೌದು. ಸಂಘಕ್ಕೂ ಲಾಭ ಬರುತ್ತದೆ. ಅದು ಬೋನಸ್ಸಾಗಿ ಅವಳ ಕೈಗೆ ಮರಳುತ್ತದೆ. ಲಾಭವೇ ಇಲ್ಲದಿದ್ದರೆ ಸಂಘವು ಹೊಸ ಯಂತ್ರ ಕೊಳ್ಳಲಾರದು, ಕೆಟ್ಟ ವರ್ಷವನ್ನು ದಾಟಲಾರದು. ಲಾಭವನ್ನು ಇಲ್ಲವಾಗಿಸುವುದು ಬೇರೆ, ಅದರ ಒಡೆತನವನ್ನು ಹಂಚುವುದು ಬೇರೆ.

ತಪ್ಪು ಕಲ್ಪನೆ 4: ಯೋಜನೆಯನ್ನು ಉದ್ಯಮಿಗಳ ಮೇಲೆ ಬಲಾತ್ಕಾರವಾಗಿ ಹೇರಲಾಯಿತು

ಸತ್ಯ: ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು 1934ರಲ್ಲಿಯೇ ಗ್ರಂಥರೂಪದಲ್ಲಿ ವಾದಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು; ಅವರು ಸಮಾಜವಾದಿಗಳಲ್ಲ, ಕೈಗಾರಿಕೆಯ ಉಪಾಸಕರು. ಹತ್ತು ವರ್ಷಗಳ ತರುವಾಯ, 1944ರಲ್ಲಿ, ಜೆ.ಆರ್.ಡಿ. ಟಾಟಾ, ಘನಶ್ಯಾಮದಾಸ ಬಿರ್ಲಾ, ಪುರುಷೋತ್ತಮದಾಸ ಠಾಕೂರದಾಸ, ಕಸ್ತೂರಭಾಯಿ ಲಾಲಭಾಯಿ ಮೊದಲಾದ ಉದ್ಯಮಪ್ರಮುಖರೇ ಕಲೆತು ‘ಮುಂಬಯಿ ಯೋಜನೆ’ಯನ್ನು ಪ್ರಕಟಿಸಿದರು. ಹದಿನೈದು ವರ್ಷಗಳಲ್ಲಿ 10,000 ಕೋಟಿ ರೂಪಾಯಿಗಳನ್ನು ತೊಡಗಿಸಿ ತಲಾ ಆದಾಯವನ್ನು ಇಮ್ಮಡಿಗೊಳಿಸಬೇಕೆಂಬ ಆ ಯೋಜನೆಯು, ಸರ್ಕಾರದ ವಿಸ್ತಾರವಾದ ಪಾತ್ರವನ್ನೂ ನಿಯಂತ್ರಣವನ್ನೂ ಒಪ್ಪಿಕೊಂಡಿತ್ತು. ಭಾರಿ ಕೈಗಾರಿಕೆಗಳಿಗೆ ಬೇಕಾದ ಬಂಡವಾಳವು ಆಗಿನ ಖಾಸಗಿಯವರ ಶಕ್ತಿಗೆ ಮೀರಿದ್ದೆಂಬುದನ್ನು ಅವರು ಬಲ್ಲವರಾಗಿದ್ದರು.

ಇದರ ಜೊತೆಗೇ ಇನ್ನೊಂದು ನಂಬಿಕೆಯನ್ನೂ ತಿದ್ದಿಕೊಳ್ಳಬೇಕು: ಪರವಾನಗಿ ಪದ್ಧತಿಯು ದೊಡ್ಡ ಬಂಡವಾಳಗಾರರನ್ನು ಅಂಕೆಯಲ್ಲಿಟ್ಟಿತೆಂಬುದು. ಉದ್ದೇಶ ಅದೇ ಆಗಿತ್ತು. ಆದರೆ ಯೋಜನಾ ಆಯೋಗದ ಕೋರಿಕೆಯಂತೆ ಆರ್.ಕೆ. ಹಜಾರಿಯವರು 1960ರ ದಶಕದಲ್ಲಿ ನಡೆಸಿದ ಪರಿಶೀಲನೆಯು ಬೇರೆಯ ಚಿತ್ರವನ್ನು ಮುಂದಿಟ್ಟಿತು. ದೊಡ್ಡ ಮನೆತನದ ಸಂಸ್ಥೆಗಳು ಒಂದೇ ವಸ್ತುವಿಗೆ ಹಲವು ಅರ್ಜಿಗಳನ್ನು ಹಾಕಿ, ಪರವಾನಗಿಗಳನ್ನು ಮುಂಚಿತವಾಗಿ ವಶಪಡಿಸಿಕೊಂಡು, ಹೊಸಬರು ಪ್ರವೇಶಿಸದಂತೆ ಮಾಡಿದ್ದುವು. ಹೀಗೆ ಲಾಭಕ್ಕೆ ಕಡಿವಾಣ ಹಾಕಲೆಂದು ಹುಟ್ಟಿದ ಕಟ್ಟಳೆಯೇ ಕೆಲವರ ಲಾಭಕ್ಕೆ ಕೋಟೆಯಾಯಿತು. ರಾಜಾಜಿಯವರು ಪರ್ಮಿಟ್–ಲೈಸೆನ್ಸ್ ರಾಜ್ಯವೆಂದು ಅದನ್ನು ಖಂಡಿಸುತ್ತ ಬಂದುದು ಅನ್ಯಾಯವಾಗಿರಲಿಲ್ಲ.

ತಪ್ಪು ಕಲ್ಪನೆ 5: ಸರ್ಕಾರಿ ಉದ್ಯಮ ಮುಳುಗುತ್ತದೆ, ಖಾಸಗಿ ಉದ್ಯಮ ತೇಲುತ್ತದೆ

ಸತ್ಯ: ಬೆಂಗಳೂರಿನ ನಿದರ್ಶನಗಳೇ ಈ ಸರಳ ಸೂತ್ರಕ್ಕೆ ಒಗ್ಗುವುದಿಲ್ಲ. 1953ರಲ್ಲಿ ಸರ್ಕಾರದ ಒಡೆತನದಲ್ಲಿ ಸ್ಥಾಪಿತವಾದ ಎಚ್‌.ಎಂ.ಟಿ.ಯು, ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿ, ಮದುವೆಯ ಉಡುಗೊರೆಯಿಂದ ನಿವೃತ್ತಿಯ ಕಾಣಿಕೆಯವರೆಗೆ ಜನಜೀವನದಲ್ಲಿ ಬೆರೆತುಹೋಗಿ, ಕಾಲಾನಂತರದಲ್ಲಿ ಹೊಸ ತಂತ್ರಕ್ಕೂ ಗ್ರಾಹಕರ ಅಭಿರುಚಿಗೂ ಹೊಂದಿಕೊಳ್ಳಲಾರದೆ ನಷ್ಟದಲ್ಲಿ ಕುಸಿಯಿತು. 1954ರಲ್ಲಿ ಅದೇ ನಗರದಲ್ಲಿ, ಅದೇ ಸರ್ಕಾರದ ಒಡೆತನದಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಲಾಭದಲ್ಲಿದೆ. ಎಚ್‌.ಎಂ.ಟಿ.ಯ ಗಡಿಯಾರಗಳನ್ನು ಹಿಂದೆ ಹಾಕಿದ ಟೈಟನ್ ಶುದ್ಧ ಖಾಸಗಿ ಸಂಸ್ಥೆಯೆಂದು ಅನೇಕರ ಭಾವನೆ. ಆದರೆ ಅದು 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಕೈಗಾರಿಕಾಭಿವೃದ್ಧಿ ನಿಗಮವೂ ಕೂಡಿ ಕಟ್ಟಿದುದು. ಒಡೆತನಕ್ಕಿಂತಲೂ ಪೈಪೋಟಿ, ಆಡಳಿತದ ಸ್ವಾತಂತ್ರ್ಯ, ತಪ್ಪನ್ನು ಬೇಗ ತಿದ್ದಿಕೊಳ್ಳುವ ಶಕ್ತಿ ಇವು ಇಲ್ಲಿ ಹೆಚ್ಚು ನಿರ್ಣಾಯಕವಾದುವು.

ಬ್ಯಾಂಕುಗಳ ಇತಿಹಾಸವೂ ಇಂಥದೇ. 1925ರಲ್ಲಿ ಉಡುಪಿಯಲ್ಲಿ ಖಾಸಗಿಯಾಗಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದನು. ಬಡವರನ್ನು ತಲಪಲು ಸರ್ಕಾರವೇ ಬೇಕೆಂಬ ವಾದಕ್ಕೆ ಇದು ಉತ್ತರ. ಆದರೆ ದೇಶದ ಎಲ್ಲ ಖಾಸಗಿ ಬ್ಯಾಂಕುಗಳೂ ಹಾಗಿರಲಿಲ್ಲ. 1969ರಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿದಂತೆ, 14 ಬ್ಯಾಂಕುಗಳು ರಾಷ್ಟ್ರೀಕೃತವಾದಾಗ ದೇಶದ ಗ್ರಾಮೀಣ ಶಾಖೆಗಳು ಸುಮಾರು 1,800. 1990ರ ವೇಳೆಗೆ ಅವು 34 ಸಾವಿರವನ್ನು ಮೀರಿದ್ದುವು. ಲಾಭವನ್ನೊಂದನ್ನೇ ನೋಡುವವರು ಅಷ್ಟು ಬೇಗ ಅಷ್ಟು ಹಳ್ಳಿಗಳಿಗೆ ಹೋಗುತ್ತಿರಲಿಲ್ಲ. ಹಾಗೆಯೇ, ಸಾಲದ ಹಂಚಿಕೆಯಲ್ಲಿ ರಾಜಕೀಯ ಕೈಹಾಕಿ ವಸೂಲಾತಿ ಸಡಿಲಗೊಂಡು ಬ್ಯಾಂಕುಗಳು ದುರ್ಬಲವಾದುದನ್ನು 1991ರಲ್ಲಿ ನರಸಿಂಹಂ ಸಮಿತಿಯು ತೋರಿಸಿಕೊಟ್ಟಿತು. ಎರಡೂ ಸತ್ಯ, ಒಂದನ್ನು ಹೇಳಿ ಮತ್ತೊಂದನ್ನು ಮುಚ್ಚಿಡುವುದು ಅರ್ಧಸತ್ಯ.

ತಪ್ಪು ಕಲ್ಪನೆ 6: ಸಮಾಜವಾದವು ಆರಂಭದಿಂದಲೇ ಸಂವಿಧಾನದ ಪೀಠಿಕೆಯಲ್ಲಿತ್ತು

ಸತ್ಯ: 1948ರ ನವೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಅದರ ಸದಸ್ಯರಾದ ಕೆ.ಟಿ. ಷಾ ಅವರು ಭಾರತವನ್ನು ಸಮಾಜವಾದಿ ಒಕ್ಕೂಟವೆಂದು ಸಂವಿಧಾನದಲ್ಲಿಯೇ ಘೋಷಿಸಬೇಕೆಂದು ತಿದ್ದುಪಡಿ ತಂದಾಗ, ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಸಮಾಜದ ಆರ್ಥಿಕ ರಚನೆ ಹೇಗಿರಬೇಕೆಂಬುದನ್ನು ಕಾಲಕ್ಕೂ ಸನ್ನಿವೇಶಕ್ಕೂ ತಕ್ಕಂತೆ ಜನರೇ ನಿರ್ಧರಿಸಬೇಕು, ಅದನ್ನು ಸಂವಿಧಾನದಲ್ಲಿ ಬಿಗಿಯುವುದು ಪ್ರಜಾಪ್ರಭುತ್ವಕ್ಕೆ ಊನವೆಂಬುದು ಅವರ ಒಂದು ಕಾರಣ. ಸಂಪತ್ತು ಕೆಲವರಲ್ಲಿಯೇ ಶೇಖರವಾಗಬಾರದೆಂಬ ಆಶಯ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಆಗಲೇ ಅಡಕವಾಗಿದೆಯೆಂಬುದು ಮತ್ತೊಂದು. ಪೀಠಿಕೆಗೆ ಆ ವಿಶೇಷಣ ಸೇರಿದುದು ತುರ್ತುಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿಯಿಂದ, 1976ರಲ್ಲಿ. ಅದರ ಹದಿನೈದು ವರ್ಷಗಳ ಬಳಿಕ, ಪೀಠಿಕೆಯಲ್ಲಿ ಒಂದಕ್ಷರವೂ ಬದಲಾಗದೆ, 1991ರಲ್ಲಿ ಪರವಾನಗಿ ಪದ್ಧತಿಯ ಬಹುಭಾಗ ರದ್ದಾಯಿತು.

ತಪ್ಪು ಕಲ್ಪನೆ 7: ಭಿನ್ನಾಭಿಪ್ರಾಯವೆಂದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ಅರ್ಥ

ಸತ್ಯ: 1963ರಲ್ಲಿ ಲೋಕಸಭೆಯಲ್ಲಿ ರಾಮಮನೋಹರ ಲೋಹಿಯಾ ಅವರು 27 ಕೋಟಿ ಭಾರತೀಯರು ದಿನಕ್ಕೆ ಮೂರಾಣೆಯಲ್ಲಿ ಜೀವಿಸುತ್ತಿದ್ದಾರೆಂದರು, ಪ್ರಧಾನಿ ನೆಹರೂ ಅವರು ಅದು ಹದಿನೈದಾಣೆಯೆಂದರು. ಹದಿನೈದಾಣೆ ದೇಶದ ಆದಾಯವನ್ನು ಎಲ್ಲರಿಗೂ ಭಾಗಿಸಿ ಬಂದ ಸರಾಸರಿ. ಮೂರಾಣೆ ಕೆಳಗಿನ ಬಹುಸಂಖ್ಯಾತರ ಪಾಲನ್ನು ಕುರಿತದ್ದು. ಲೆಕ್ಕ ಯಾರನ್ನು ಕುರಿತದ್ದೆಂದು ಕೇಳದೆ ಅಂಕಿಗಳನ್ನು ಹೋಲಿಸಿದರೆ ವಾದ ಮುಗಿಯುವುದೇ ಇಲ್ಲ.

ಮತಭೇದವು ಸ್ವಾರ್ಥದಿಂದಲೇ ಹುಟ್ಟುವುದೂ ಅಲ್ಲ. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲಿ ಜಯಪ್ರಕಾಶ ನಾರಾಯಣರ ಜೊತೆಗಿದ್ದ ಮಿನೂ ಮಸಾನಿಯವರೇ, 1959ರಲ್ಲಿ ರಾಜಾಜಿಯವರೊಡನೆ ನಿಂತು ಖಾಸಗಿ ಉದ್ಯಮದ ಪರವಾದ ಸ್ವತಂತ್ರ ಪಕ್ಷವನ್ನು ಕಟ್ಟಿದರು. 1967ರಲ್ಲಿ 44 ಸ್ಥಾನಗಳನ್ನು ಗೆದ್ದು ಆ ಪಕ್ಷವು ಲೋಕಸಭೆಯ ಅತ್ಯಂತ ದೊಡ್ಡ ವಿರೋಧಪಕ್ಷವಾಯಿತು. ಸ್ಟಾಲಿನ್ನನ ರಷ್ಯಾದಲ್ಲಿ ನಡೆದುದನ್ನು ಅರಿತು ಮಸಾನಿಯವರು ದಾರಿ ಬದಲಿಸಿದರು. ಅದೇ ಸಂಗತಿಗಳನ್ನು ಅರಿತ ಲೋಹಿಯಾ ಅವರು ರಷ್ಯಾದ ಮಾದರಿಯನ್ನು ತ್ಯಜಿಸಿಯೂ ಸಮಾಜವಾದಿಗಳಾಗಿಯೇ ಉಳಿದರು. ಇಬ್ಬರಲ್ಲಿಯೂ ನಿಷ್ಠೆಗೆ ಕೊರತೆಯಿರಲಿಲ್ಲ.

ಆದಕಾರಣ, ಯಾವ ಪಕ್ಷದವರು ಯಾವ ನೀತಿಯನ್ನು ಮುಂದಿಟ್ಟರೂ ಮತದಾರನು ಕೇಳಬೇಕಾದ ಪ್ರಶ್ನೆಗಳು ಮೂರು. ಇಲ್ಲಿ ಲಾಭ ಬರುವುದು ಹೊಸದನ್ನು ಉತ್ಪಾದಿಸುವುದರಿಂದಲೋ, ಇತರರ ದಾರಿಯನ್ನು ಮುಚ್ಚುವುದರಿಂದಲೋ? ನಷ್ಟವಾದರೆ ಹೊರುವವರು ಅದನ್ನು ಉಂಟುಮಾಡಿದವರೋ, ಏನೂ ಅರಿಯದ ತೆರಿಗೆದಾರರೋ? ನಿರ್ಧಾರ ತಪ್ಪೆಂದು ಕಂಡಾಗ ಅದನ್ನು ತಿದ್ದುವ ಅಧಿಕಾರ ಗ್ರಾಹಕರಿಗೋ ಕಾರ್ಮಿಕರಿಗೋ ಶಾಸನಸಭೆಗೋ ನಿಜವಾಗಿ ಉಂಟೋ? ಈ ಪ್ರಶ್ನೆಗಳಿಗೆ ಉತ್ತರ ಕೊಡಲಾರದ ಖಾಸಗಿ ಉದ್ಯಮವೂ ಸರ್ಕಾರಿ ಉದ್ಯಮವೂ ಜನರ ಪಾಲಿಗೆ ಸಮಾನವಾಗಿಯೇ ಹಾನಿಕರ. ಲಾಭವನ್ನು ದೇವತೆಯೆಂದು ಪೂಜಿಸುವುದರಿಂದಲಾಗಲಿ ಪಿಶಾಚಿಯೆಂದು ಬೆದರುವುದರಿಂದಲಾಗಲಿ ಬಡತನ ತೊಲಗುವುದಿಲ್ಲ. ಅದು ಹುಟ್ಟುವ ಮತ್ತು ಹಂಚಿಹೋಗುವ ಬಗೆಯನ್ನು ಕಣ್ತೆರೆದು ನೋಡಿ ಮತ ಕೊಡುವ ಪ್ರಜೆಗಳಿದ್ದಲ್ಲಿ ಮಾತ್ರ, ಯಾವ ಸಿದ್ಧಾಂತದ ಸರ್ಕಾರ ಬಂದರೂ ಅದು ಜನರಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.