ಹಿತ್ತಲಿನ ಪ್ಲಾಸ್ಟಿಕ್ ಹುಲ್ಲು: ರಿಪೇರಿ ಯಾವಾಗ, ವಿದಾಯ ಯಾವಾಗ?

ಇವತ್ತಿನ ಸಂಚಿಕೆಯ ವಿಷಯ ಕ್ಯಾಲಿಫೋರ್ನಿಯಾದಲ್ಲಿರೋ ಕೇಳುಗರಿಗೆ ತುಂಬಾ ಹತ್ತಿರದ್ದು. ಆದ್ರೆ ದುಬೈನಲ್ಲೋ ಸಿಡ್ನಿಯಲ್ಲೋ ಇರೋರಿಗೂ ಉಪಯೋಗಕ್ಕೆ ಬರುತ್ತೆ. ಹಿತ್ತಲಲ್ಲಿ ಹಾಸಿದ ಕೃತಕ ಹುಲ್ಲು ಹಳತಾದಾಗ ಏನು ಮಾಡಬೇಕು?

ಈ ಮಾತು ಈಗ ಯಾಕೆ ಅಂದ್ರೆ, 2012ರಿಂದ 2016ರವರೆಗೆ ಕ್ಯಾಲಿಫೋರ್ನಿಯಾ ಭೀಕರ ಬರ ಕಂಡಿತು. 2015ರ ಏಪ್ರಿಲ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ನಗರಗಳ ನೀರಿನ ಬಳಕೆಯನ್ನು ಶೇ. 25ರಷ್ಟು ಇಳಿಸಲು ಆದೇಶಿಸಿದರು. ಎಚ್‌ಒಎಗಳು ಕೃತಕ ಹುಲ್ಲನ್ನು ನಿಷೇಧಿಸುವಂತಿಲ್ಲ ಎಂಬ ಕಾನೂನೂ ಅದೇ ವರ್ಷ ಬಂತು. ಲಾನ್ ಕಿತ್ತು ಪ್ಲಾಸ್ಟಿಕ್ ಹಾಸಿದ ಮನೆಗಳು ಬಹಳ. ಇಂಥ ಹಾಸಿನ ಆಯುಸ್ಸು ಸಾಮಾನ್ಯವಾಗಿ 10ರಿಂದ 15 ವರ್ಷ. ಅಂದ್ರೆ ಆಗ ಹಾಸಿದ್ದಕ್ಕೆ ಈಗ ಮುಪ್ಪು ಬಂದಿದೆ.

"ಹುಲ್ಲು ಸವೆದುಹೋಗಿದೆ" ಅಂತೀವಲ್ಲ, ಅದರೊಳಗೆ ಮೂರು ಬೇರೆ ಬೇರೆ ಸಂಗತಿಗಳಿರಬಹುದು: ಎಳೆಗಳು ಮಲಗಿರುವುದು, ಒಂದು ಕಡೆ ಹರಿದೋ ಕರಗಿಯೋ ಹೋಗಿರುವುದು, ಅಥವಾ ಪ್ಲಾಸ್ಟಿಕ್ಕೇ ಸತ್ವ ಕಳೆದುಕೊಂಡಿರುವುದು. ಮೊದಲ ಎರಡಕ್ಕೆ ರಿಪೇರಿ ಉಂಟು, ಮೂರನೆಯದಕ್ಕಿಲ್ಲ. ಹಾಗಾಗಿ ಬ್ರಷ್ ಹಿಡಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಅತಿ ಹೆಚ್ಚು ಬಿಸಿಲು ಬೀಳುವ ಜಾಗದಲ್ಲಿ ನಾಲ್ಕೈದು ಎಳೆಗಳನ್ನು ಬೆರಳಲ್ಲಿ ಹಿಡಿದು ಮಡಚಿ, ಉಜ್ಜಿ ನೋಡಿ. ಬಾಗಿದರೆ ಇನ್ನೂ ಜೀವ ಇದೆ. ಪಟಕ್ಕನೆ ಮುರಿದು ಬೆರಳಿಗೆ ಪುಡಿ ಹತ್ತಿದರೆ ಅದು ಬೇರೆಯೇ ಕಥೆ, ಆಮೇಲೆ ಬರೋಣ.

ಮೊದಲು ಮಲಗಿದ ಹುಲ್ಲು. ಮನೆಯಂಗಳದ ಹುಲ್ಲು ಹೆಚ್ಚಾಗಿ ಪಾಲಿಎಥಿಲೀನ್. ಬಿಸಿಲಿಗೆ ಅದು ಮೆತ್ತಗಾಗುತ್ತೆ, ಮೇಲೆ ಓಡಾಡಿದಂತೆ ಒಂದೇ ಕಡೆ ವಾಲುತ್ತೆ. ಎಳೆಗಳನ್ನು ಬುಡದಲ್ಲಿ ಹಿಡಿದು ನಿಲ್ಲಿಸೋದು ಅವುಗಳ ನಡುವೆ ತುಂಬಿರುವ ಮರಳು. ಮಳೆ, ಗಾಳಿ, ಮಕ್ಕಳ ಆಟ ಸೇರಿ ವರ್ಷ ಕಳೆದಂತೆ ಅದು ಕಡಿಮೆಯಾಗುತ್ತೆ. ಒಣಗಿದ ದಿನ ನೋಡಿ, ಗಟ್ಟಿ ನೈಲಾನ್ ಬ್ರಷ್‌ನಿಂದ ಹುಲ್ಲು ವಾಲಿದ ದಿಕ್ಕಿಗೆ ಎದುರಾಗಿ ಬಾಚಿ. ಲೋಹದ ಬ್ರಷ್ ಬೇಡ, ಎಳೆ ಸೀಳುತ್ತೆ. ಬಳಿಕ ಸಿಲಿಕಾ ಮರಳನ್ನು ತೆಳುವಾಗಿ ಚೆಲ್ಲಿ, ಬಾಚಿ, ಮತ್ತೆ ಚೆಲ್ಲಿ. ಹೊಸದಾಗಿ ಹಾಸುವಾಗ ಚದರಡಿಗೆ ಸುಮಾರು 1ರಿಂದ 2 ಪೌಂಡ್ ಹಾಕಿರುತ್ತಾರೆ. ನೀವು ಕಳೆದುಹೋದಷ್ಟನ್ನು ತುಂಬಿದರೆ ಸಾಕು. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಎನ್95 ಮಾಸ್ಕ್ ಹಾಕಿಕೊಳ್ಳಿ.

ಇನ್ನು ಕರಗಿದ ಕಲೆ. ಕೆಲವರ ಹಿತ್ತಲಲ್ಲಿ ಪಟ್ಟಿಯಾಗಿ ಹುಲ್ಲು ಸುಟ್ಟಂತಿರುತ್ತೆ. ಅಲ್ಲಿ ಯಾರೂ ಗ್ರಿಲ್ ಇಟ್ಟಿರಲ್ಲ! ಕಾರಣ ಎಷ್ಟೋ ಸಲ ಮನೆಯ ಕಿಟಕಿಯೇ. ಬಿಸಿಲಿನ ಶಾಖ ತಡೆಯುವ ಲೋ-ಇ ಲೇಪನದ ಎರಡು ಪದರದ ಗಾಜು, ಒಳಗಿನ ಒತ್ತಡ ಬದಲಾದಾಗ ಸ್ವಲ್ಪ ಒಳಬಾಗಿ ನಿಮ್ನ ದರ್ಪಣದಂತೆ ಬೆಳಕನ್ನು ಒಂದೆಡೆ ಸೇರಿಸುತ್ತೆ. ಆ ಕಿಟಕಿಗೆ ಹೊರಗಿನಿಂದ ಜಾಲರಿ ಹಾಕದೆ ತೇಪೆ ಹಚ್ಚಿದರೆ ತೇಪೆಯೂ ಕರಗುತ್ತೆ.

ತೇಪೆ ಹಾಕೋದು ಹೀಗೆ. ಕೆಟ್ಟ ಭಾಗವನ್ನು ಹೊಲಿಗೆ ಸಾಲುಗಳ ನಡುವೆ, ತಳದ ಕಡೆಯಿಂದ ಚೌಕವಾಗಿ ಕತ್ತರಿಸಿ. ಅದೇ ಅಳತೆಯ ತುಂಡನ್ನು ಶೆಡ್ಡಿನ ಹಿಂದಿನಂಥ, ಕಣ್ಣಿಗೆ ಬೀಳದ ಮೂಲೆಯಿಂದ ತನ್ನಿ. ಹೊಸ ರೋಲ್‌ಗಿಂತ ಅದರ ಬಣ್ಣ ಹೆಚ್ಚು ಹೊಂದುತ್ತೆ. ಎಳೆಗಳ ದಿಕ್ಕು ಸುತ್ತಲಿನದಕ್ಕೆ ಸರಿಹೊಂದಲೇಬೇಕು. ಅಡಿಯಲ್ಲಿ ಸೀಮ್ ಟೇಪ್, ಟರ್ಫ್ ಅಂಟು, ಮೇಲೆ ಒಂದು ದಿನ ಭಾರ. ಒಣಗಿದ ಮೇಲೆ ಮರಳು.

ನಾಯಿ ಇರುವ ಮನೆಗಳಲ್ಲಿ ವಾಸನೆಯ ಸಮಸ್ಯೆ. ಜೀವವಿಜ್ಞಾನದವರಾದ ನಮಗೆ ಕುತೂಹಲದ ಭಾಗ ಇದೇ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯಾ ಮಾಡುತ್ತವೆ. ಮಣ್ಣಿನಲ್ಲಾದರೆ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ, ಬೇರುಗಳು ಹೀರುತ್ತವೆ. ಪ್ಲಾಸ್ಟಿಕ್ಕಿಗೆ ಬೇರು ಎಲ್ಲಿಂದ ಬರಬೇಕು? ಆದ್ದರಿಂದ ಆಗಾಗ ಧಾರಾಳವಾಗಿ ನೀರು ಹಾಯಿಸಿ ತೊಳೆಯೋದೇ ಮದ್ದು. ಬ್ಲೀಚ್ ಮಾತ್ರ ಸುರಿಯಬೇಡಿ. ಅದು ಅಮೋನಿಯಾ ಜೊತೆ ಸೇರಿದರೆ ಕ್ಲೋರಮೀನ್ ಎಂಬ ವಿಷಾನಿಲ ಬರುತ್ತೆ.

ಈಗ ಪುಡಿಯಾಗುವ ಹುಲ್ಲಿಗೆ ಬರೋಣ. ನೇರಳಾತೀತ ಕಿರಣಗಳು ಪಾಲಿಎಥಿಲೀನ್‌ನ ಉದ್ದ ಸರಪಳಿಗಳನ್ನು ತುಂಡರಿಸುತ್ತವೆ, ಗಾಳಿಯ ಆಮ್ಲಜನಕ ಆ ಕೆಲಸವನ್ನು ಮುಂದುವರಿಸುತ್ತೆ. ತಯಾರಿಸುವಾಗ ಬೆರೆಸಿದ ರಕ್ಷಕ ರಾಸಾಯನಿಕಗಳು ಬರಬರುತ್ತಾ ಮುಗಿಯುತ್ತವೆ. ಆಮೇಲೆ ಹುಲ್ಲನ್ನು ಮತ್ತೆ ಗಟ್ಟಿ ಮಾಡುವ ಉಪಾಯ ಇಲ್ಲ. ಅಂಥದ್ದನ್ನು ಬಾಚಿದರೆ ಅದು ರಿಪೇರಿ ಅಲ್ಲ, ಮೈಕ್ರೋಪ್ಲಾಸ್ಟಿಕ್ ತಯಾರಿಕೆ. ಬಾಚಿದಷ್ಟೂ ಪುಡಿ. ಅದು ಮಕ್ಕಳ ಕೈಗೆ, ಮಣ್ಣಿಗೆ ಹೋಗುತ್ತೆ. ಮಳೆ ಬಂದಾಗ ಚರಂಡಿಗೆ. ಬೇ ಏರಿಯಾದ ಹೆಚ್ಚಿನ ಊರುಗಳಲ್ಲಿ ಮಳೆನೀರಿನ ಚರಂಡಿ ಶುದ್ಧೀಕರಣವಿಲ್ಲದೆ ನೇರ ಹಳ್ಳಕ್ಕೆ, ಅಲ್ಲಿಂದ ಕೊಲ್ಲಿಗೆ ಸೇರುತ್ತೆ.

ಹಾಗಾದ್ರೆ ತೆಗೆಯೋದೇ ಸರಿ. ಮಳೆಗಾಲಕ್ಕೆ ಮೊದಲೇ, ಗಾಳಿ ಇಲ್ಲದ ದಿನ, ಸಣ್ಣ ಸುರುಳಿಗಳಾಗಿ ಕತ್ತರಿಸಿ ಸುತ್ತಿ. ಉದುರಿದ್ದನ್ನು ಪೈಪ್ ನೀರಲ್ಲಿ ತೊಳೆಯದೆ, ಗುಡಿಸಿ ಚೀಲಕ್ಕೆ ತುಂಬಿ. ಮತ್ತೆ ಪ್ಲಾಸ್ಟಿಕ್ಕೇ ಹಾಸುವ ಯೋಚನೆ ಇದ್ದರೆ ಮೊದಲು ನಿಮ್ಮ ನಗರದ ನಿಯಮ ನೋಡಿ. 2023ರ ರಾಜ್ಯ ಕಾನೂನಿನಿಂದ ಅದನ್ನು ನಿಷೇಧಿಸುವ ಅಧಿಕಾರ ನಗರಗಳಿಗೆ ಮರಳಿ ಸಿಕ್ಕಿದೆ. ಅಲ್ಲಿನ ಬರಕ್ಕೆ ಒಗ್ಗಿದ ಸ್ಥಳೀಯ ಗಿಡಗಳನ್ನು ನೆಡೋದಾದರೆ, ಅಡಿಯ ಗಟ್ಟಿ ಜಲ್ಲಿ ಪದರ ತೆಗೆದು, ಮಣ್ಣು ಸಡಿಲಿಸಿ, ಕಾಂಪೋಸ್ಟ್ ಬೆರೆಸಿ. ಹತ್ತು ವರ್ಷ ಬಿಸಿಲು, ಎಲೆ, ಬೇರು ಕಾಣದ ಮಣ್ಣು ಚೇತರಿಸಿಕೊಳ್ಳಲು ಒಂದೆರಡು ಮಳೆಗಾಲ ಬೇಕು, ಸ್ವಲ್ಪ ತಾಳ್ಮೆ ಇರಲಿ.

ನಿಮ್ಮ ಹಿತ್ತಲಿನ ಹುಲ್ಲು ಬಾಗಿತೋ, ಮುರಿಯಿತೋ? ಈ ವಾರಾಂತ್ಯ ಪರೀಕ್ಷೆ ಮಾಡಿ ನಮಗೆ ಬರೆದು ತಿಳಿಸಿ.