ಭತ್ತ ಸತ್ತ ಗದ್ದೆಯಲ್ಲಿ ಕರಕಿಗೇನು ಹಬ್ಬ?

ಬೇಸಿಗೆಯಲ್ಲಿ ಗಂಗಾವತಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಾಚೆ ಕಣ್ಣು ಹಾಯಿಸಿದರೆ ಕೆಲವು ಹೊಲಗಳು ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕಾಣುತ್ತವೆ. ಅದು ಸುಣ್ಣವಲ್ಲ, ಉಪ್ಪು. "ಹೊಲಕ್ಕ ಸವಳು ಹತ್ತೇತಿ" ಅನ್ನೋದು ಈ ಭಾಗದ ರೈತರ ಮಾತು. ಸಾಲ ಮಾಡಿ ಹಚ್ಚಿದ ಭತ್ತ ಇಂಥಲ್ಲಿ ತುದಿ ಸುಟ್ಟುಕೊಂಡು ಸಾಯುತ್ತದೆ. ಪಕ್ಕದಲ್ಲೇ ಯಾರೂ ಬಿತ್ತದ, ಗೊಬ್ಬರ ಕಾಣದ ಕರಕಿ ಹುಲ್ಲು ಹಸಿರಾಗಿ ಹಬ್ಬಿರುತ್ತದೆ! ಗಣಪತಿಗೆ ಏರಿಸುವ ಗರಿಕೆಯೇ ಈ ಕರಕಿ. ದೇವರಿಗೆ ಬೇಕು, ಹೊಲದ ಧಣಿಗೆ ಬೇಡ.

ಉಪ್ಪು ಬಂದದ್ದೆಲ್ಲಿಂದ?

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆಯ ಹೆಚ್ಚಿನ ಭಾಗಕ್ಕೆ ಸರ್ಕಾರ ಲೆಕ್ಕ ಹಾಕಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು. ನೀರು ಮೊದಲು ಸಿಕ್ಕವರು ಭತ್ತ ಹಚ್ಚಿದರು. ಎರೆಭೂಮಿಯಲ್ಲಿ ನೀರು ಸುಲಭವಾಗಿ ಬಸಿಯುವುದಿಲ್ಲ. ವರ್ಷ ವರ್ಷ ನಿಂತ ನೀರು ಅಡಿಯ ಜಲಮಟ್ಟವನ್ನು ಮೇಲಕ್ಕೆತ್ತಿತು. ಮಣ್ಣಿನಲ್ಲಿ ಮೊದಲೇ ಇದ್ದ ಉಪ್ಪು ಅದರೊಂದಿಗೆ ಮೇಲೆ ಬಂತು. ಬಿಸಿಲು ನೀರನ್ನು ಒಯ್ದು ಉಪ್ಪನ್ನು ಬಿಟ್ಟು ಹೋಯಿತು. ಸವಳು-ಜವಳು ಎಂದು ಜನ ಒಟ್ಟಿಗೇ ಹೇಳುವುದು ಸುಮ್ಮನೆ ಅಲ್ಲ.

ಉಪ್ಪು ಹೆಚ್ಚಾದ ನೆಲದಲ್ಲಿ ನೀರಿದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಎಳೆದುಕೊಂಡರೆ ನೀರಿನ ಜೊತೆ ಸೋಡಿಯಂ ಒಳಗೆ ನುಗ್ಗಿ ಎಲೆಯನ್ನು ಸುಡುತ್ತದೆ. ಭತ್ತದ ಗೋಳು ಇದೇ.

ಕರಕಿಯ ಉಪಾಯ

ಕರಕಿ ಹೇಗೆ ಬದುಕುತ್ತೆ? ಮೊದಲನೆಯದು ಬೇರಿನ ಕಾವಲು: ಬಹಳಷ್ಟು ಉಪ್ಪನ್ನು ಬಾಗಿಲಲ್ಲೇ ತಡೆಯುತ್ತದೆ. ನುಸುಳಿ ಬಂದದ್ದನ್ನು ಜೀವಕೋಶದೊಳಗಿನ ಚೀಲದಲ್ಲಿ ಕೂಡಿಹಾಕುತ್ತದೆ. ಜೀವಕೋಶದ ಉಳಿದ ಭಾಗ ಒಣಗದಂತೆ ಪ್ರೋಲಿನ್‌ನಂಥ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಇಷ್ಟಾದರೂ ಉಳಿದ ಉಪ್ಪನ್ನು ಹೊರಹಾಕಲು ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿವೆ. ಎರಡೇ ಕೋಶಗಳ ಈ ಗ್ರಂಥಿ ಉಪ್ಪುನೀರನ್ನು ಬೆವರಿನಂತೆ ಹೊರಗೆ ತಳ್ಳುತ್ತದೆ. ನೀರು ಆರಿದಾಗ ಎಲೆಯ ಮೇಲೆ ಉಪ್ಪಿನ ಹರಳು ಉಳಿಯುತ್ತದೆ.

ಎಲ್ಲ ಊರಿನ ಕರಕಿಯೂ ಒಂದೇ ಅಲ್ಲ. ಪಾಕಿಸ್ತಾನದ ಉಪ್ಪಿನ ಗುಡ್ಡಗಳ ಕರಕಿಯನ್ನೂ ಫೈಸಲಾಬಾದಿನ ಮಾಮೂಲಿ ನೆಲದ ಕರಕಿಯನ್ನೂ ಹೋಲಿಸಿದ ವರದಿ 2008ರಲ್ಲಿ ಪ್ರಕಟವಾಯಿತು. ಉಪ್ಪನ್ನು ಚೆನ್ನಾಗಿ ತಾಳಿದ್ದು ಗುಡ್ಡದ್ದೇ. ತಾಳದ ಗಿಡ ಸತ್ತು, ತಾಳಿದ್ದು ಹಬ್ಬುತ್ತಾ ತಲೆಮಾರುಗಳು ಕಳೆದರೆ ಹೀಗಾಗುತ್ತದೆ.

ಹಾಗಾದರೆ ಹುಲ್ಲು ಬಿಟ್ಟರೆ ಸಾಕೇ?

ಸಾಲದು. ಹುಲ್ಲು ಹೊರಹಾಕಿದ ಉಪ್ಪು ಇಬ್ಬನಿಗೆ, ಮಳೆಗೆ ಮತ್ತೆ ಅದೇ ನೆಲಕ್ಕೆ ಬೀಳುತ್ತದೆ. ಕೊಯ್ದು ಒಯ್ದರೂ ಹೋಗುವ ಉಪ್ಪು ಅಲ್ಪ. ಹುಲ್ಲಿನಿಂದ ಲಾಭ ಬೇರೆ: ಬೇರು ಮಣ್ಣನ್ನು ಸಡಿಲ ಮಾಡುತ್ತದೆ, ಹೊದಿಕೆ ನೆಲದ ಕಾವನ್ನು ತಗ್ಗಿಸುತ್ತದೆ, ದನಕ್ಕೆ ಮೇವಾಗುತ್ತದೆ. 1969ರಲ್ಲಿ ಶುರುವಾದ, ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರ ಸವಳು ಮಣ್ಣಿನ ಸಂಶೋಧನಾ ಸಂಸ್ಥೆ, ಕೆಟ್ಟ ಕ್ಷಾರ ನೆಲಕ್ಕೆ ಮೊದಲ ಬೆಳೆಯಾಗಿ ಇಂಥದೇ ಉಪ್ಪು ಕಕ್ಕುವ ಕರ್ನಾಲ್ ಹುಲ್ಲನ್ನು ಬೆಳೆಸಿ ತೋರಿಸಿತು. ಆದರೆ ಸವಳು-ಜವಳು ಹೋಗಬೇಕಾದರೆ ಉಪ್ಪು ತೊಳೆದ ನೀರಿಗೆ ಹೊರಗೆ ಹೋಗುವ ದಾರಿ ಬೇಕು. ಅಂದರೆ ಬಸಿಗಾಲುವೆ, ಇಲ್ಲವೇ ನೆಲದಡಿಯ ಬಸಿ ಕೊಳವೆ. ಒಬ್ಬ ರೈತ ತನ್ನ ಎರಡೆಕರೆಯಲ್ಲಿ ಮಾತ್ರ ಬಸಿಗಾಲುವೆ ತೋಡಿದರೆ ಆ ನೀರು ಹೋಗುವುದೆಲ್ಲಿಗೆ? ಪಕ್ಕದವನ ಹೊಲಕ್ಕೆ! ಇದು ಊರೇ ಕೂಡಿ, ನೀರಾವರಿ ಇಲಾಖೆಯೂ ಕೈಹಾಕಿ ಮಾಡಬೇಕಾದ ಕೆಲಸ.

ಇನ್ನೊಂದು ಲೆಕ್ಕ ಕೇಳಿ. ಮಣ್ಣಿನ ರಸದ ಉಪ್ಪನ್ನು ಡೆಸಿಸೀಮೆನ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಅದು 3 ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ. ಆಮೇಲೆ ಒಂದೊಂದು ಅಂಕಿ ಏರಿದಂತೆ ಶೇಕಡಾ 12ರಷ್ಟು ನಷ್ಟ. ಕರಕಿ 6.9ರ ತನಕ ಜಗ್ಗುವುದಿಲ್ಲ. ಜೋಳ 6.8, ಹತ್ತಿ 7.7ರ ತನಕ ತಡೆಯುತ್ತವೆ. ಅಂದರೆ ಅಂದು ಸರ್ಕಾರ ಹಾಕಿಕೊಟ್ಟಿದ್ದ ಬೆಳೆಗಳೇ ಉಪ್ಪನ್ನು ಹೆಚ್ಚು ತಾಳುವಂಥವು. ನೀರು ನಿಲ್ಲಿಸುವುದನ್ನು ಬಿಟ್ಟು ಬಸಿಯಲು ದಾರಿ ಮಾಡಿದರೆ ಈಗಲೂ ಅವುಗಳಿಗೆ ಜಾಗವುಂಟು.

ಭತ್ತದ ಮಡಿಯಲ್ಲಿ ಪೈರು ಸಾಯುತ್ತಾ ಕರಕಿ ಮಾತ್ರ ಹಬ್ಬುತ್ತಿದ್ದರೆ ಸುಮ್ಮನೆ ಕಿತ್ತೆಸೆದು ಮತ್ತೆ ನಾಟಿ ಮಾಡಬೇಡಿ. ಒಂದು ಬೊಗಸೆ ಮಣ್ಣನ್ನು ಪರೀಕ್ಷೆಗೆ ಕೊಡಿ. ಗಂಗಾವತಿಯಲ್ಲೇ ಕೃಷಿ ಸಂಶೋಧನಾ ಕೇಂದ್ರವಿದೆ. ಮತ್ತೊಂದು ಸಾಲ ಮಾಡುವ ಮುಂಚೆ ಅಲ್ಲಿಗೊಮ್ಮೆ ಹೋಗಿ ಬನ್ನಿ.